ಅಕ್ಕ ಬೈದರೆ, ಡೆನಿಸ್ ಬೈದರೆ

ಅಜ್ಜಂಪುರದ ತೀರ್ಥಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದರು. ಆದರೆ ಆ ಭಾಷೆಯಲ್ಲೇ ಹುಟ್ಟಿ ಬೆಳೆದವನೊಬ್ಬನ ಜೊತೆ ಮಾತಾಡುವ ಯೋಗ ಬಂದದ್ದು ಮಾತ್ರ ನಿವೃತ್ತರಾದ ಮೇಲೆ. ಅಮೃತಮಹಲ್ ದನಗಳನ್ನು ನೋಡಲು ಆಸ್ಟ್ರೇಲಿಯಾದಿಂದ ಬಂದ ಡೆನಿಸ್ ಎಂಬ ದನ ಸಾಕುವವನು ಅವರ ಮನೆಯಲ್ಲೇ ಇಳಿದುಕೊಂಡ. ಮೇಷ್ಟ್ರು ಮದುವೆ ಮನೆಯ ಯಜಮಾನರ ಹಾಗೆ ಓಡಾಡಿದ್ದೇ ಓಡಾಡಿದ್ದು.

ಒಂದು ಮಧ್ಯಾಹ್ನ ಕಡೂರಿನ ಟೀ ಅಂಗಡಿಯಲ್ಲಿ ಮೇಷ್ಟ್ರ ತಮಾಷೆಯೊಂದಕ್ಕೆ ಡೆನಿಸ್ ಹೊಟ್ಟೆ ಹಿಡಿದು ನಕ್ಕ. ನಕ್ಕವನು ಅವರ ಬೆನ್ನಿಗೊಂದು ಗುದ್ದಿ, "ಯೂ ಓಲ್ಡ್ ಬಾಸ್ಟರ್ಡ್!" ಅಂದುಬಿಟ್ಟ.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಈ ಮಾತಿಗೆ ಅವರು ಹುಡುಗರನ್ನು ತರಗತಿಯಿಂದ ಆಚೆ ಹಾಕಿದ್ದುಂಟು. ಡೆನಿಸ್ ಗಾಬರಿಯಾದ. ಇಂಗ್ಲೆಂಡಿನವರಿಗೆ ಹೀಗಂದರೆ ಜಗಳವಾದೀತು, ನಮ್ಮ ಕಡೆ ಬೇಕಾದವರನ್ನೇ ಹಾಗನ್ನುವುದು ಎಂದು ವಿವರಿಸಿದ. ಮೇಷ್ಟ್ರು "ಆಲ್ ರೈಟ್" ಅಂದರೇ ಹೊರತು ಮನಸ್ಸು ಆಲ್ ರೈಟ್ ಆಗಿರಲಿಲ್ಲ. ಮರುದಿನ ಅವನನ್ನು ಆ ದನಗಳು ಮೇಯುವ ಎಮ್ಮೆದೊಡ್ಡಿ ಕಾವಲಿಗೆ ಕರೆದೊಯ್ಯಬೇಕಿತ್ತು. ಮೈ ಸರಿಯಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವುದು, ಈ ಸ್ನೇಹಕ್ಕೆ ಇಲ್ಲಿಗೇ ಕೈ ಮುಗಿಯುವುದು ಎಂದು ತೀರ್ಮಾನಿಸಿದರು.

ಸಂಜೆ ಮನೆಗೆ ಕಾಲಿಟ್ಟರೋ ಇಲ್ಲವೋ, ಅಕ್ಕ ಕರಿಬಸಮ್ಮ ಒಳಗಿನಿಂದಲೇ ಶುರು ಮಾಡಿದಳು. ತಾಯಿ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ತಮ್ಮನನ್ನು ಸಾಕಿ ಓದಿಸಿದವಳು ಅವಳೇ.

"ಎಲ್ ಹಾಳಾಗ್ ಹೋಗಿದ್ಯೋ ಮುಂಡೇದೆ! ಮುದ್ದೆ ಆರೋಗ್ತದೆ, ಕೈ ತೊಳ್ಕಂಡ್ ಬಾ!"

"ಅಕ್ಕ ಏನಂತಾರೆ?" ಡೆನಿಸ್ ಇಂಗ್ಲಿಷಿನಲ್ಲಿ ಕೇಳಿದ.

ಮೇಷ್ಟ್ರು 'ಮುಂಡೇದೆ'ಗೆ ಇಂಗ್ಲಿಷ್ ಹುಡುಕಿದರು. ಬೀಗರ ಮನೆಯಲ್ಲಿ ಅಂದರೆ ಕೊರಳಪಟ್ಟಿಗೆ ಕೈ ಹೋಗುವಂಥ ಮಾತು ಅದು. ಆದರೆ ಅಕ್ಕನ ಬಾಯಲ್ಲಿ ಅದನ್ನು ಕೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೊರಗಿನವರನ್ನು ಅವಳು ಬಹುವಚನದಲ್ಲೇ ಮಾತಾಡಿಸುತ್ತಾಳೆ; ಬೈಗುಳವೇನಿದ್ದರೂ ತನ್ನವರಿಗೆ.

"ಟೀ ಅಂಗಡಿಯಲ್ಲಿ ನೀವು ನನ್ನನ್ನು ಏನಂದಿರೋ ಅದನ್ನೇ," ಎಂದರು ಮೇಷ್ಟ್ರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವತ್ತು ಡೆನಿಸ್ ಕೇಳಿ ಹಾಕಿಸಿಕೊಂಡು ಇನ್ನೊಂದು ಮುದ್ದೆ ಉಂಡ.

ಬೆಳಗ್ಗೆ ಇಬ್ಬರೂ ಕಾವಲಿಗೆ ಹೊರಟಾಗ ಕರಿಬಸಮ್ಮ ಬುತ್ತಿ ತಂದು ಕೊಟ್ಟಳು.

"ಬಿಸ್ಲಲ್ಲಿ ಅಲೀಬ್ಯಾಡ್ರೋ, ಹೊತ್ತಿಗ್ ಸರ್ಯಾಗ್ ಬನ್ರೋ ಮುಂಡೇವಾ!"

ನಿನ್ನೆಯವರೆಗೆ ಡೆನಿಸ್ ಅವಳಿಗೆ 'ಸಾಹೇಬ್ರು' ಆಗಿದ್ದ. ಮೇಷ್ಟ್ರ ಕಣ್ಣು ತುಂಬಿತು. ಈ ವಯಸ್ಸಿನಲ್ಲಿ ಬೈಯುವುದಕ್ಕೆ ಅಕ್ಕ ಇದ್ದಾಳೆ, ಜೊತೆಗೊಬ್ಬ ಗೆಳೆಯನೂ ಸಿಕ್ಕಿದ, ತನ್ನಂಥ ಪುಣ್ಯವಂತ ಇನ್ನಾರು ಎನಿಸಿತು. ಡೆನಿಸ್ ಕೇಳುವ ಮೊದಲೇ ಅರ್ಥ ಹೇಳಿದರು:

"ನಿಮ್ಮನ್ನೂ ಸೇರಿಸಿಕೊಂಡಳು."