ನಾನು ಕೂಡಿಸದ ಜಾತಕ

ಇದನ್ನು ಕಥೆ ಅಂದುಕೊಳ್ಳುವವರು ಈಗಲೇ ಪುಟ ತಿರುಗಿಸಿಬಿಡಿ. ನಂಬಿ ಅಂತ ಗೋಗರೆದು ಗೋಗರೆದು ನನಗೆ ಸಾಕಾಗಿದೆ. ನಮ್ಮ ಯಜಮಾನರೇ ನಂಬಲಿಲ್ಲ. ಆವತ್ತು ಅವರು ಹತ್ತು ಹೆಜ್ಜೆ ಆಚೆ ಹಾಲ್‌ನಲ್ಲಿ ಕೂತು ಟಿವಿ ನೋಡುತ್ತಿದ್ದರು. ಆದರೆ ಕೋಣೆಯಲ್ಲಿ ಇದ್ದವಳು ನಾನು.

ನಮ್ಮದು ವೆಸ್ಟ್ ಮಾಂಬಲಂ, ಸ್ಟೇಷನ್ನಿನಿಂದ ಎರಡು ಗಲ್ಲಿ ಈಚೆ, ಮೊದಲನೇ ಮಹಡಿ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದ ಮೇಲೆ ಒಂದು ಕೆಲಸ ಹಚ್ಚಿಕೊಂಡೆ. ಚೆನ್ನೈಯಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮದುವೆಗಿರುವ ಹುಡುಗ ಹುಡುಗಿಯರ ಜಾತಕ ಇಟ್ಟುಕೊಂಡು ಹೊಂದಿಸಿಕೊಡುವುದು. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಒಂದೇ ಕಟ್ಟುನಿಟ್ಟು... ಜಾತಕ ಕೂಡಿಬಂದು ಎರಡೂ ಕಡೆಯ ಹಿರಿಯರು ಹೂಂ ಅನ್ನುವವರೆಗೆ ಹುಡುಗಿಯ ಫೋಟೋ ನನ್ನ ಲ್ಯಾಪ್‌ಟಾಪ್ ದಾಟಿ ಹೋಗಕೂಡದು. ಆ ನಂಬಿಕೆಯ ಮೇಲೆ ತಾಯಂದಿರು ನನಗೆ ಫೋಟೋ ಕೊಡುತ್ತಿದ್ದರು.

ಜಾತಕ ಹೊಂದಿಸಲು ಕನ್ನಡದ್ದೊಂದು ಸಾಫ್ಟ್‌ವೇರ್ ಇದೆ. ನಮ್ಮವರಲ್ಲಿ ಅದನ್ನು ಕೊಂಡವರು ಯಾರೂ ಇಲ್ಲ. ಇಡ್ಲಿ ಪಾತ್ರೆ ಎರವಲು ಕೊಟ್ಟ ಹಾಗೆ ಪೆನ್‌ಡ್ರೈವಿನಲ್ಲಿ ಮನೆಯಿಂದ ಮನೆಗೆ ಓಡಾಡುತ್ತದೆ. ನನಗೆ ಸಿಕ್ಕಿದ್ದು ಸೋಮವಾರದ ಭಜನೆಯಲ್ಲಿ, ವಿಭೂತಿ ಪೊಟ್ಟಣದ ಜೊತೆ. ಮೇಲೊಂದು ಚೀಟಿ ಸುತ್ತಿತ್ತು: ‘ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ.’

ಪ್ರಸಾದದ ಜೊತೆ ಬಂದದ್ದನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಆಫ್ ಮಾಡಿದೆ. ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಬೇಡ ಬೇಡ ಅಂದಿತು. ಪರವಾಗಿಲ್ಲ ಅಂತ ಒತ್ತಿದೆ. ಮಹಾ ಬುದ್ಧಿವಂತೆ ನಾನು.

ಆಮೇಲೆ ಲ್ಯಾಪ್‌ಟಾಪ್ ನಿಧಾನವಾಯಿತು. ಸುಮ್ಮನೆ ಇಟ್ಟಾಗಲೂ ಒಳಗಿನ ಫ್ಯಾನು ಗೊರ್ ಅನ್ನುತ್ತಿತ್ತು. ಕ್ಯಾಮೆರಾ ಪಕ್ಕದ ಪುಟ್ಟ ದೀಪ ಆಗಾಗ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಯಜಮಾನರಿಗೆ ಹೇಳಿದರೆ, “ಹಳೇದಾಯ್ತು, ನಮ್ಮ ಹಾಗೇನೇ,” ಅಂತ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆವತ್ತು ಗುರುವಾರ. ರಾತ್ರಿ ಏಳೂವರೆ ಇರಬಹುದು. ಕೆಳಗಿನ ಮನೆಯಿಂದ ಸಾಂಬ್ರಾಣಿ ಹೊಗೆಯ ವಾಸನೆ. ದೂರದಲ್ಲಿ ಲೋಕಲ್ ಟ್ರೈನ್ ಹೋದ ಸದ್ದು. ಕುಕ್ಕರ್ ಮೂರನೇ ವಿಸಿಲ್ ಕೂಗಿತು. ಎದ್ದು ಹೋಗಿ ಗ್ಯಾಸ್ ಆರಿಸಿ ಬಂದೆ...

ತೆರೆಯ ಮೇಲೆ ಬಾಣದ ಗುರುತು ಓಡಾಡುತ್ತಿತ್ತು.

ಮೌಸ್ ಹತ್ತಿರ ಯಾರೂ ಇಲ್ಲ. ಬಾಣ ಮೆಲ್ಲಗೆ ಹೋಗಿ ಹುಡುಗಿಯರ ಫೋಲ್ಡರ್ ತೆರೆಯಿತು. ಒಂದೊಂದೇ ಫೋಟೋ ಅರಳಿ ಮುಚ್ಚಿಕೊಂಡಿತು. ಕೊನೆಗೆ ಶುಭಾಳ ಫೋಟೋದ ಮೇಲೆ ನಿಂತಿತು. ಶುಭಾ ಕೀಲ್ಪಾಕಿನ ಗಿರಿಜಾಳ ಮಗಳು, ನಾನು ಎತ್ತಿ ಆಡಿಸಿದ ಹುಡುಗಿ.

ಆಮೇಲೆ ಹುಡುಗರ ಫೋಲ್ಡರ್. ಅಲ್ಲಿಂದ ಒಂದು ಜಾತಕವನ್ನು ಎಳೆದು ಶುಭಾಳ ಜಾತಕದ ಪಕ್ಕಕ್ಕೆ ಇಟ್ಟಿತು. ಅದು ಪೋರೂರಿನ ಹುಡುಗನದು. ನಾನು ಬೇಕಂತಲೇ ಯಾರಿಗೂ ತೋರಿಸದೆ ಇಟ್ಟದ್ದು. ಅವನಿಗೆ ಒಮ್ಮೆ ನಿಶ್ಚಿತಾರ್ಥವಾಗಿ ಮುರಿದಿತ್ತು. ಯಾಕೆ ಅಂತ ಅವರ ಮನೆಯವರು ಬಾಯಿಬಿಟ್ಟಿರಲಿಲ್ಲ.

ಕ್ಯಾಮೆರಾದ ದೀಪ ಹೊತ್ತಿತ್ತು. ಅಂದರೆ ನನ್ನನ್ನು ಯಾರೋ ನೋಡುತ್ತಿದ್ದಾರೆ. ತಟ್ಟನೆ ಕೋಣೆಯ ಲೈಟ್ ಆರಿಸಿ ಗೋಡೆಗೆ ಒರಗಿ ನಿಂತೆ, ಉಸಿರು ಬಿಗಿಹಿಡಿದು.

ತೆರೆಯ ಮೇಲೆ ಒಂದು ಬಿಳಿ ಹಾಳೆ ತೆರೆದುಕೊಂಡಿತು. ಅದರಲ್ಲಿ ಒಂದೊಂದೇ ಅಕ್ಷರ ಮೂಡಿತು. ಕನ್ನಡದಲ್ಲಿ.

‘ಲೈಟ್ ಹಾಕಿ.’

“ರೀ...” ಅಂದೆ. ದಡಕ್ಕನೆ ಮುಚ್ಚಳ ಮುಚ್ಚಿ, ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತುರುಕಿ ಬೀಗ ಹಾಕಿದೆ. ಯಜಮಾನರು ಬಂದವರು, “ಬಿ.ಪಿ. ಮಾತ್ರೆ ತಗೊಂಡ್ಯಾ?” ಅಂತ ಕೇಳಿದರು. ಅದೊಂದನ್ನೇ ಕೇಳಿದರು.

ಬೆಳಿಗ್ಗೆ ನಮ್ಮ ಗಲ್ಲಿಯ ತುದಿಯಲ್ಲಿರುವ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಾತ ಒಂದು ಗಂಟೆ ಕೆದಕಿ ನೋಡಿ ತಲೆ ಅಲ್ಲಾಡಿಸಿದ. “ನೀಂಗಳೇ ಕದವ ತೆರಂದು ವಿಟ್ಟೀಂಗ ಮಾ,” ಅಂದ. ಬಾಗಿಲು ನಾನೇ ತೆಗೆದುಕೊಟ್ಟೆನಂತೆ.

ಆತ ವಿವರಿಸಿದ್ದು ಇಷ್ಟು. ಜಾತಕದ ಸಾಫ್ಟ್‌ವೇರ್ ಒಳಗೆ ಇನ್ನೊಂದು ಅಡಗಿತ್ತು. ಹಾಕಿದ ಕೂಡಲೇ ಅದು ಕಂಪ್ಯೂಟರಿಗೆ ಯಾರಿಗೂ ಕಾಣದ ಒಂದು ಹಿಂಬಾಗಿಲು ಇಡುತ್ತದೆ. ಲ್ಯಾಪ್‌ಟಾಪ್ ಆನ್ ಆದಾಗಲೆಲ್ಲ ಇಂಟರ್ನೆಟ್ಟಿನಲ್ಲಿ ತನ್ನ ಒಡೆಯನಿಗೆ ಸುದ್ದಿ ಮುಟ್ಟಿಸುತ್ತದೆ. ಆ ಒಡೆಯ ಎಲ್ಲೋ ಕೂತು ಹೇಳಿದ್ದನ್ನು ಇಲ್ಲಿ ಮಾಡುತ್ತದೆ. ನಾನು ಒತ್ತಿದ ಪ್ರತಿ ಅಕ್ಷರ, ಪಾಸ್‌ವರ್ಡ್, ಮೇಲ್, ಫೋಟೋ, ಕೋಣೆಯ ಮಾತು, ಎಲ್ಲ ಅವನ ಕೈಯಲ್ಲಿ.

“ಯಾವಾಗಿಂದ?” ಅಂತ ತಮಿಳಿನಲ್ಲಿ ಕೇಳಿದೆ.

“ನಾಲು ಮಾಸಮಾ, ಮಾ.”

ನಾಲ್ಕು ತಿಂಗಳು... ಯಾರೋ ನಮ್ಮ ಮನೆಯಲ್ಲಿ ನಮ್ಮ ಜೊತೆಗೇ ಇದ್ದರು. ಪಾಸ್‌ವರ್ಡ್ ಬದಲಾಯಿಸಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡಲು ಆತ ಸೋಮವಾರದವರೆಗೆ ಸಮಯ ಕೇಳಿದ. ನಾನು ಆವತ್ತೇ ಎಲ್ಲ ಮನೆಗೂ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನಾಚಿಕೆ. ಯಾವ ಮುಖ ಇಟ್ಟುಕೊಂಡು ಹೇಳಲಿ? ಆ ಮೂರು ದಿನಗಳಿಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ.

ಸೋಮವಾರ ಮೊದಲು ಗಿರಿಜಾಳಿಗೆ ಮಾಡಿದೆ.

“ಅಕ್ಕ, ನಾನೇ ಮಾಡ್ಬೇಕು ಅಂತಿದ್ದೆ,” ಅಂದಳು, ಖುಷಿಯಲ್ಲಿ. “ನೀವು ಕಳಿಸಿದ ಪೋರೂರಿನವರು ನಿನ್ನೆ ಬಂದಿದ್ರು. ಶುಭಾ ಒಪ್ಪಿದಾಳೆ.”

“ನಾನು ಕಳಿಸಿದ್ನಾ?”

“ಮೇಲ್ ಮಾಡಿದ್ರಲ್ಲ ಅಕ್ಕ, ಗುರುವಾರ. ಅವರಿಗೂ, ನಮಗೂ.”

ಓದಿ ಹೇಳು ಅಂದೆ. ಓದಿದಳು. ನನ್ನದೇ ಮಾತು, ನನ್ನದೇ ಧಾಟಿ. ‘ಮಗು ಗಿರಿಜಾ’ ಅಂತ ಶುರುಮಾಡಿ, ಆಶೀರ್ವಾದ ಅಂತ ಮುಗಿಸಿತ್ತು. ಬಂದದ್ದು ರಾತ್ರಿ ಒಂಬತ್ತಕ್ಕೆ. ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬೀರುವಿನೊಳಗಿತ್ತು, ಬೀಗದ ಕೈ ನನ್ನ ಸೆರಗಿನಲ್ಲಿ.

ಪಾಸ್‌ವರ್ಡ್ ಕದ್ದವನಿಗೆ ನನ್ನ ಲ್ಯಾಪ್‌ಟಾಪೇ ಬೇಕಿಲ್ಲ ಅಂತ ಅಂಗಡಿಯಾತ ಹೇಳಿದ್ದ. ಸರಿ. ಆದರೆ ಅಂಥವನಿಗೆ ಕನ್ನಡ ಹೇಗೆ ಬಂತು? ನಮ್ಮ ಹುಡುಗಿಗೆ ಗಂಡು ನೋಡುವ ಉಸಾಬರಿ ಅವನಿಗೆ ಯಾಕೆ?

ಗಿರಿಜಾಳ ಮನೆಗೇ ಹೋಗಿ ಎಲ್ಲ ಹೇಳಿದೆ. ಆ ಸಂಬಂಧ ಬೇಡ, ಮೊದಲು ವಿಚಾರಿಸೋಣ ಅಂದೆ. ಅವಳು ಎದ್ದು ಹೋಗಿ ಮಗಳ ಕೋಣೆಯ ಬಾಗಿಲು ಮುಚ್ಚಿ ಬಂದಳು.

“ಅಕ್ಕ, ಎಷ್ಟು ಗಂಡು ಬೇಡ ಅಂದಿದಾಳೆ ನಿಮಗೇ ಗೊತ್ತು. ಇದೇ ಮೊದಲ್ನೇ ಸಲ ಹೂಂ ಅಂದಿರೋದು. ಮೇಲ್ ಯಾರಾದ್ರೂ ಮಾಡ್ಲಿ, ಜಾತಕ ಕೂಡಿದೆ ತಾನೆ? ನಿಮ್ಮ ಕೈ ಮುಗೀತೀನಿ. ಅವಳ ಹತ್ರ ಈ ಮಾತು ಎತ್ತಬೇಡಿ.”

ಜಾತಕವೇನೋ ಕೂಡಿತ್ತು. ಮನೆಗೆ ಬಂದು ಕಾಗದದ ಮೇಲೆ ಎರಡೆರಡು ಸಲ ಲೆಕ್ಕ ಹಾಕಿ ನೋಡಿದೆ. ಅಷ್ಟು ಚೆನ್ನಾಗಿ ನಾನು ಕೂಡಿಸಿದ್ದೇ ಇಲ್ಲ. ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು.

ಪೋರೂರಿಗೂ ಹೋದೆ. ಆ ಮೇಲ್ ನನ್ನದಲ್ಲ ಅಂದರೆ ಹುಡುಗನ ತಂದೆ, “ಋಣಾನುಬಂಧ ಅಮ್ಮ, ಬಿಡಿ,” ಅಂತ ನಕ್ಕರು. ಮುರಿದ ನಿಶ್ಚಿತಾರ್ಥದ ಮಾತು ತೆಗೆದರೆ ಕಾಫಿ ತರಲು ಒಳಗೆ ಎದ್ದು ಹೋದರು. ಶುಭಾಳ ಹೆಸರು ಹೇಳದೆ ಪೊಲೀಸರಿಗೆ ದೂರು ಕೊಟ್ಟೆ. ರಸೀದಿ ಕೊಟ್ಟರು. ಪೆನ್‌ಡ್ರೈವ್ ಎಲ್ಲಿಂದ ಬಂತು ಅಂತ ಮನೆಮನೆಗೆ ಅಲೆದೆ. ಭಜನೆಯಲ್ಲಿ ಕೊಟ್ಟವರು ಇನ್ನೊಂದು ಮನೆ ತೋರಿಸಿದರು. ಅವರು ಮತ್ತೊಂದು ಮನೆ. ಆರನೇ ಮನೆಯಾಕೆ ನನ್ನನ್ನು ವಿಚಿತ್ರವಾಗಿ ನೋಡಿದಳು.

“ನೀವೇ ಕೊಟ್ಟು ಕಳಿಸಿದ್ದಲ್ವಾ?”

ನಾನಲ್ಲ ಅಂತ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ.

ಮದುವೆ ಆಯಿತು. ಸಂಬಂಧ ಕೂಡಿಸಿದವಳು ಅಂತ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಸೀರೆ ಕೊಟ್ಟು, ಹೂ ಮುಡಿಸಿದರು. ಬೇಡ ಅನ್ನುವ ಹಾಗೂ ಇಲ್ಲ. ಗಿರಿಜಾಳ ಕಣ್ಣು ನನ್ನ ಮೇಲೇ ಇತ್ತು. ಮದುಮಗ ಒಳ್ಳೆಯವನ ಹಾಗೆಯೇ ಕಂಡ. ಹಾಗೆ ಕಂಡದ್ದಕ್ಕೂ ನನಗೆ ಸಿಟ್ಟು ಬಂತು.

ಆಶೀರ್ವಾದಕ್ಕೆ ವೇದಿಕೆ ಹತ್ತಿದೆ. ಶುಭಾ ಕಾಲಿಗೆ ನಮಸ್ಕರಿಸಿ ಎದ್ದು, ನನ್ನ ಕಿವಿಯ ಹತ್ತಿರ ಬಾಗಿದಳು. ಅವಳಿಂದ ಮಲ್ಲಿಗೆಯ ವಾಸನೆ ಬರುತ್ತಿತ್ತು.

“ಆಂಟಿ, ಇವ್ರ ಮೊದಲ್ನೇ ಎಂಗೇಜ್ಮೆಂಟ್ ಯಾಕೆ ನಿಂತೋಯ್ತು ಅಂತ ನೀವು ನಂಗೆ ತನಿಯಾ, ನಂಗೊಬ್ಬಳಿಗೇ, ಮೇಲ್ ಮಾಡಿದ್ರಲ್ಲ... ಸತ್ಯಮಾ ಯಾರ್ಗೂ ಹೇಳಿಲ್ಲ. ಅಮ್ಮಂಗೂ ಇಲ್ಲ. ಅದು ತಿಳಿದ್ಮೇಲೇನೇ ನಾನು ಓಕೆ ಅಂದಿದ್ದು.”

ನಾನು ಏನು ಹೇಳಿದೆ ಅಂತ ಕೇಳಬೇಕು... ಕೇಳಿದರೆ ಅದು ನಾನಲ್ಲ ಅಂತ ಅವಳಿಗೆ ಗೊತ್ತಾಗಿಬಿಡುತ್ತದೆ. ಆ ಮಾತನ್ನು ನಂಬಿಕೊಂಡೇ ಅವಳು ಅಲ್ಲಿ ಮಾಲೆ ಹಾಕಿಕೊಂಡು ನಿಂತಿದ್ದಳು. ಫೋಟೋದವನು ಈ ಕಡೆ ನೋಡಿ ಅಂದ. ಅವಳ ತಲೆಯ ಮೇಲೆ ಕೈಯಿಟ್ಟು, “ಒಳ್ಳೇದು ಮಾಡಿದೆ ಕಣಮ್ಮ,” ಅಂದೆ.