ನಮ್ಮ ಓಣಿಗೆ ಬಣ್ಣ ಆರಿಸಾಕಿ

ಟೀವಿಯೊಳಗ ಒಬ್ಬಾಕಿ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತು, ಈ ವರ್ಷ ಇಂಥಾ ಬಣ್ಣ ನಡೀತದ, ಹೋದ ವರ್ಷದ್ದು ಹಳೇದಾತು ಅಂತ ಹೇಳ್ತಾಳ ನೋಡ್ರಿ, ನನಗ ಸಿಟ್ಟು ಬರ್ತೈತಿ. ಇಕಿಗೆ ಯಾರು ಹೇಳಿದ್ರು? ಬಣ್ಣ ಏನು ಪಂಚಾಂಗದಾಗ ಬರದಿರ್ತೈತೇನು? ನನ್ನ ಮೊಮ್ಮಗಳು ಅದನ್ನ ನೋಡಿ ಕಪಾಟಿನಾಗಿನ ಛಲೋ ಅರಿವಿ ಎಲ್ಲಾ ತಗದು ಒಗೀತಾಳ. ನಾ ಬೈದ್ರ, ನಿನಗ ಫ್ಯಾಶನ್ ತಿಳಿಯೂದಿಲ್ಲ ಬಿಡು ಅಂತಾಳ. ಫ್ಯಾಶನ್ ಮಾಡಾಕಿ ನಮ್ಮ ಮನ್ಯಾಗಽ ಇದ್ಲು, ನಾ ಆಕಿ ಕೈಯಾಗ ಬೆಳದಾಕಿ ಅನ್ನೂದನ್ನ ಈ ಹುಡುಗಿಗೆ ಹ್ಯಾಂಗ ಹೇಳಲಿ?

ಆಕಿ ನಮ್ಮ ಅತ್ತಿ, ಅಪ್ಪನ ತಂಗಿ. ಮದಿವ್ಯಾಗಿ ಭಾಳ ದಿನ ಆಗೂದರಾಗ ಗಂಡನ್ನ ಕಳಕೊಂಡು ಇಳಕಲ್ಲಿನ ತವರಮನಿಗೆ ಬಂದಿದ್ಲು. ಮಕ್ಕಳಿರಲಿಲ್ಲ. ನಮ್ಮದು ನೇಕಾರರ ಮನಿ. ಪಡಸಾಲ್ಯಾಗ ಎರಡು ತಗ್ಗಿನ ಮಗ್ಗ, ಅವುಗಳ ಸುತ್ತ ನಾವು, ಅಪ್ಪ, ಅವ್ವ, ಅಪ್ಪನ ತಾಯಿ ನಮ್ಮ ಆಯಿ, ಮತ್ತ ಅತ್ತಿ. ಅತ್ತಿ ಸಾಲಿ ಮುಖ ನೋಡಿದ್ದು ಅಷ್ಟಕ್ಕಷ್ಟ. ಆದ್ರ ಮಗ್ಗಕ್ಕ ಹೊಸಾ ಹಾಸು ಹೂಡೂ ಮುಂದ ಅಪ್ಪ ಆಕಿನ್ನ ಕೇಳದ ನೂಲು ಮುಟ್ಟತಿರಲಿಲ್ಲ.

ಇಳಕಲ್ ಸೀರಿ ಗುಣ ನಿಮಗ ಗೊತ್ತಿರ್ತೈತಿ. ಮೈ ಯಾವ ಬಣ್ಣದ್ದರ ಇರಲಿ, ಸೆರಗು ಕೆಂಪುಽ, ಅದರ ಮ್ಯಾಲ ಬಿಳಿ ತೆನಿ. ಹಂಗಾಗಿ ಆ ಕೆಂಪಿನ ಜೋಡಿ ಯಾವ ಬಣ್ಣ ಸಂಸಾರ ಮಾಡತೈತಿ, ಯಾವುದು ಜಗಳಾಡತೈತಿ ಅನ್ನೂದಽ ಎಲ್ಲಾ ವಿದ್ಯೆ. ಅತ್ತಿ ನೂಲಿನ ಲಡಿ ತಗೊಂಡು ಅಂಗಳಕ್ಕ ಬಂದು ಬಿಸಲಾಗ ಹಿಡೀತಿದ್ಲು, ಆಮ್ಯಾಲ ತಲಬಾಗಿಲ ನೆಳ್ಳಾಗ ಹಿಡೀತಿದ್ಲು. "ಹೆಣ್ಮಕ್ಕಳು ಎರಡೂ ಕಡೆ ಅಡ್ಡಾಡ್ತಾರ, ಒಂದ ಕಡೆ ನೋಡಿದ್ರ ಹ್ಯಾಂಗ?" ಅಂತಿದ್ಲು. ಕಡೀಕ ನನ್ನ ಕರದು ನನ್ನ ಹೆಗಲ ಮ್ಯಾಲ ಲಡಿ ಹಾಕಿ, ಎರಡ ಹೆಜ್ಜಿ ಹಿಂದ ಸರದು, ಕಣ್ಣ ಸಣ್ಣ ಮಾಡಿ ನೋಡ್ತಿದ್ಲು. ತನ್ನ ಹೆಗಲ ಮ್ಯಾಲ ಎಂದೂ ಹಾಕ್ಕೊಳ್ಳಲಿಲ್ಲ.

ಹೊಸಾ ಬಣ್ಣದ ಮೊದಲನೇ ಸೀರಿ ಅಂಗಡಿಗೆ ಹೋಗ್ತಿರಲಿಲ್ಲ. ಅದನ್ನ ಮನಿ ಮುತ್ತೈದಿ ಉಡಬೇಕು. ಉಟ್ಟು ಓಣ್ಯಾಗ ಅಡ್ಡಾಡಬೇಕು. ಯಾರರ ತಡದು, "ಯವ್ವಾ, ಇದ್ಯಾವ ಬಣ್ಣ ಬೇ?" ಅಂದ್ರ ಆ ಬಣ್ಣ ಗೆದ್ದಂಗ; ಯಾರೂ ಕೇಳಲಿಲ್ಲ ಅಂದ್ರ ಅದು ಅಲ್ಲಿಗೇ ಮುಗೀತು. ನಮ್ಮ ಮನ್ಯಾಗ ಈ ಕೆಲಸ ಅವ್ವಂದು. ಪಾಪ, ಅವ್ವಗ ಬಣ್ಣದ ಗೊಡವಿ ಇರಲಿಲ್ಲ, ಯಾವುದು ಕೊಟ್ರೂ ಉಡ್ತಿದ್ಲು. ಮನ್ಯಾಗ ಹಂಡೇ ತುಂಬ ನೀರಿದ್ರೂ ಕೊಡಾ ಹೊತಗೊಂಡು ಮತ್ತ ಹೋಗಬೇಕು. "ನೀರ ಹೊತ್ತ ಹೊತ್ತ ನನ್ನ ಸೊಂಟಾ ಹೋತು, ನಿಮ್ಮ ಬಣ್ಣ ಉಳೀತು" ಅಂತ ಗೊಣಗತಿದ್ಲು. ಅತ್ತಿ ನಕ್ಕು, ಸೆರಗ ಇನ್ನೊಂದೀಟು ಬಿಡು, ತೆನಿ ಕಾಣವಲ್ದು ಅಂತ ಹಿಂದಿಂದ ಹೇಳ್ತಿದ್ಲು.

ನಾ ಐದನೇತ್ತೇ ಆರನೇತ್ತೇ ಇದ್ದಾಗ ನೈಲಾನ್ ಬಂತು. ಬಾಗಲಕೋಟಿ ಪ್ಯಾಟ್ಯಾಗ ಅಂಗಡಿ ಮುಂದ ಹಗ್ಗಾ ಕಟ್ಟಿ ಹೂವಿನ ಸೀರಿ ತೂಗಬಿಟ್ಟಿರತಿದ್ರು. ಆ ಪ್ಯಾಟಿಯೊಳಗ ಎಷ್ಟೋ ಜಾಗಾ ಈಗ ಡ್ಯಾಮಿನ ಹಿನ್ನೀರಾಗ ಹೋಗ್ಯಾವ. ನೈಲಾನ್ ಒಗದು ಝಾಡಿಸಿದ್ರ ಒಣಗತೈತಿ, ಮುದುಡೂದಿಲ್ಲ, ಹಗರ ಐತಿ ಅಂತ ಹೆಣ್ಮಕ್ಕಳೆಲ್ಲಾ ಅದಕ್ಕ ಬಿದ್ರು. ಗಂಡಹುಡುಗರದಂತೂ ಕೇಳಬ್ಯಾಡ್ರಿ. ಬಾಗಲಕೋಟಿ ವಿದ್ಯಾಗಿರಿ ಕಾಲೇಜಿಗೆ ಹೋದ ನಮ್ಮೂರ ಹುಡುಗರು ಸೂಟಿಗೆ ಊರಿಗೆ ಬರೂ ಮುಂದ ಬೆಲ್‌ಬಾಟಮ್ ಹಾಕ್ಕೊಂಡು, ಕಿವಿ ಮುಚ್ಚೂ ಹಂಗ ಕೂದಲಾ ಬಿಟಗೊಂಡು ಬರ್ತಿದ್ರು. ಆಯಿ ಕಟ್ಟಿ ಮ್ಯಾಲ ಕುಂತು, "ಬಾರೋ ತಮ್ಮಾ, ನಮ್ಮ ಮನಿ ಮುಂದನೂ ಒಂದ ಸಲಾ ಅಡ್ಡಾಡು, ಕಸಾ ಹೊಡಿಯೂದು ತಪ್ಪತೈತಿ" ಅಂತಿದ್ಲು.

ಓಣ್ಯಾಗಿನ ನೇಕಾರರೆಲ್ಲಾ ನೈಲಾನಿಗೆ ಶಾಪಾ ಹಾಕಿದ್ರು. ಅತ್ತಿ ಹಾಕಲಿಲ್ಲ. ಬಾಜೂ ಮನಿ ಸೊಸಿ ಉಟ್ಟಿದ್ದ ನೈಲಾನ್ ಸೀರಿ ಸೆರಗ ಹಿಡದು, ಬೆರಳಿಲೆ ತಿಕ್ಕಿ, "ಅರಿವಿ ಸುಳ್ಳು, ಬಣ್ಣ ಖರೆ" ಅಂದ್ಲು. ಅದು ಉಳ್ಳಾಗಡ್ಡಿ ಸಿಪ್ಪಿ ಬಣ್ಣ, ಅತ್ಲಾಗ ಗುಲಾಬೀನೂ ಅಲ್ಲ, ಇತ್ಲಾಗ ಕಂದೂ ಅಲ್ಲ. ನಮ್ಮ ಕೆಂಪು ಸೆರಗಿಗೆ ಅದು ಕೂಡ್ತೈತಿ ಅಂತ ಯಾರಿಗೂ ಅನಿಸಿರಲಿಲ್ಲ. ಅಪ್ಪ ಅಂಜಿಕೋತ ಹಾಸು ಹೂಡಿದ. ಅವ್ವ ಕೊಡಾ ಹೊತ್ತು ಹೊರಗ ಹೋದಾಕಿ ನೀರಿಲ್ಲದಽ ಬಂದ್ಲು, ದಾರಿ ತುಂಬ ಮಂದಿ ನಿಂದರಿಸಿ ಕೇಳಿದ್ರಂತ. ಸಾಲಿ ಟೀಚರು ಉಟ್ರು, ದವಾಖಾನಿ ನರ್ಸಬಾಯಿ ಉಟ್ಲು, ಹುನಗುಂದದಿಂದ ಹುಡಿಕ್ಕೊಂಡು ಬಂದ್ರು.

ಇಷ್ಟೆಲ್ಲಾ ಮಂದೀಗೆ ಬಣ್ಣ ಕೊಟ್ಟಾಕಿ ತಾ ಉಡೂದು ಬೂದಿ ಬಣ್ಣದ್ದು ಒಂದು, ಮಾಸಿದ ಕಂದು ಒಂದು. ಕೈಯಾಗ ಬಳಿ ಇಲ್ಲ. ಒಮ್ಮೆ ನಾವೆಲ್ಲಾ ಬದಾಮಿಗೆ ಹೋಗಿದ್ವಿ. ಗುಡ್ಡದ ಗವಿಯೊಳಗ ಕಲ್ಲಿನ ಹೆಣ್ಮಕ್ಕಳು ನಿಂತಾರಲ್ಲ, ಅವರ ಸೊಂಟದ ಅರಿವಿ ಮ್ಯಾಲ ಪಟ್ಟಿ ಪಟ್ಟಿ ಕೊರದದ್ದನ್ನ ಅತ್ತಿ ಭಾಳ ಹೊತ್ತು ನೋಡಿದ್ಲು. "ಅಂಚು ಎಷ್ಟ ಸಣ್ಣ ಹಿಡದಾನ ನೋಡು, ಆ ಕಲ್ಲಕುಟಿಗ ಶಾಣ್ಯಾ" ಅಂದ್ಲು. ನಾ ಹುಡುಗಿ, ಬಾಯಿಗೆ ಬಂದದ್ದು ಕೇಳಿಬಿಟ್ಟೆ: ಅತ್ತಿ, ನೀ ಯಾಕ ಬಣ್ಣದ್ದು ಉಡೂದಿಲ್ಲ, ಯಾರು ಬ್ಯಾಡ ಅಂದಾರ?

"ಯಾರರ ಬ್ಯಾಡ ಅಂದಿದ್ರ ಜಗಳಾ ಮಾಡ್ತಿದ್ದೆ," ಅಂದ್ಲು. "ಯಾರೂ ಅಂದಿಲ್ಲ. ಅದಕ್ಕಽ ಏನೂ ಮಾಡಾಕ ಬರವಲ್ದು."

ನನಗ ಆವಾಗ ತಿಳೀಲಿಲ್ಲ. ಮಂದಿ ಸುಮ್ಮನಿದ್ದು ಕಟ್ಟಿಹಾಕತಾರ ಅನ್ನೂದು ತಿಳಿಯಾಕ ನಾನೂ ಒಂದು ಸಂಸಾರ ಮಾಡಬೇಕಾತು.

ಅದಾಗಿ ಒಂದು ವರ್ಷಕ್ಕ ಹುನಗುಂದದಿಂದ ಅತ್ತಿಗೆ ಒಂದು ಸಂಬಂಧದ ಮಾತು ಬಂತು. ಅಲ್ಲೊಬ್ಬ ಟೇಲರ್ ಇದ್ದ, ಹೆಂಡತಿ ತೀರಿಕೊಂಡಿದ್ಲು. ಹೆಣ್ಮಕ್ಕಳ ಕುಬಸಾ ಹೊಲಿಯಾಂವ. ಇಳಕಲ್ಲಿನ ಸೀರಿ ತಗೊಂಡು ಕುಬಸಾ ಹೊಲಿಸಾಕ ಬಂದೋರನ್ನ, ಈ ಬಣ್ಣ ಯಾರು ಆರಿಸಿದ್ದು ಅಂತ ಕೇಳಿ ಕೇಳಿ ನಮ್ಮ ಮನಿ ತನಕ ಬಂದಿತ್ತು ಅವನ ವಿಚಾರ. ನೋಡಾಕ ಏನೂ ಹೇಳೂವಂಥಾಂವ ಅಲ್ಲ. ಗಿಡ್ಡ, ತಲಿ ಮುಂದ ಬೋಳಾಗಿತ್ತು, ಒಂದ ಕಡೆ ಮೀಸಿ ಇನ್ನೊಂದ ಕಡೇಕಿಂತ ಏರಿತ್ತು. ಊರ ಮಂದಿ ಮೈಗೆ ಅಳತಿ ಇಡಾಂವಗ ತನ್ನ ಮೀಸಿಗೆ ಅಳತಿ ಸಿಗಲಿಲ್ಲೇನು ಅಂತ ನಾನೂ ಅವ್ವನೂ ನಕ್ಕಿದ್ವಿ. ಅತ್ತಿ ನಗಲಿಲ್ಲ. ಹೂಂ ಅಂದ್ಲು. ಅಪ್ಪನ ಕಣ್ಣಾಗ ನೀರ ಬಂದಿತ್ತು.

ನಮ್ಮ ಕಡೆ ಇದಕ್ಕ ಉಡಿಕಿ ಅಂತಾರ. ಗಂಡ ತೀರಿದಾಕಿಗೆ ಇನ್ನೊಬ್ಬಾಂವ ಒಂದು ಸೀರಿ ತಂದು ಕೊಡೂದು, ಹಿರೇರ ಮುಂದ ಆಕಿ ಅದನ್ನ ಉಟಗೊಂಡು ಒಳಗಿಂದ ಹೊರಗ ಬರೂದು. ಅಷ್ಟಾದ್ರ ಮದಿವ್ಯಾತು. ಹಂದರಿಲ್ಲ, ವಾಲಗಿಲ್ಲ, ಅಕ್ಕಿಕಾಳಿಲ್ಲ. ಸೀರಿ ಗಂಡಿನ ಕಡೇರು ತರಬೇಕು, ಮಬ್ಬು ಬಣ್ಣದ್ದು ತರಬೇಕು. ಹಸರು ಸೀರಿ, ಹಸರು ಬಳಿ ಮೊದಲನೇ ಮದಿವಿ ಹುಡುಗೇರಿಗೆ.

ಆ ದಿನ ಟೇಲರನ ಅಕ್ಕ ತಾಟಿನಾಗ ಸೀರಿ ಇಟಗೊಂಡು ಬಂದ್ಲು. ಹಿರೇರು ಪಡಸಾಲ್ಯಾಗ ಕುಂತ್ರು. ಒಳಗಿನ ಖೋಲ್ಯಾಗ ಅತ್ತಿ, ಅವ್ವ, ನಾನು. ಅತ್ತಿ ಮಡಿಕಿ ಬಿಚ್ಚಿ ನೋಡಿದ್ಲು. ಕಟ್ಟಿಗಿ ಸುಟ್ಟು ಆರಿದ ಮ್ಯಾಲೆ ಉಳಿಯೂ ಬಣ್ಣ. ಕಿಡಕಿ ತನಕ ಒಯ್ದು ನೋಡಿದ್ಲು, ಕತ್ತಲಿ ಮೂಲ್ಯಾಗ ಒಯ್ದು ನೋಡಿದ್ಲು. ಆಮ್ಯಾಲ ಸೀರಿ ಮೊದಲಿದ್ದಂಗ ಮಡಚಿ, ತಾನಽ ಬಾಗಿಲ ತನಕ ಬಂದು, ತಾಟು ಹೊಸಲಿ ಮ್ಯಾಲ ಇಟ್ಟು ಹೇಳಿದ್ಲು, "ಮದಿವಿಗೆ ನಾ ಒಲ್ಲೆ ಅನ್ನೂದಿಲ್ರಿ. ಸೀರಿ ಮಾತ್ರ ನಾ ಆರಿಸ್ತೇನಿ. ಹಸರುಽ ಆಗಬೇಕು."

ಆಯಿ ಎದ್ದು ಬಂದು, "ಹುಚ್ಚಿ, ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಹಿರೇರು ಸುಮ್ಮನ ಅಂದಾರೇನು? ಉಡಿಕಿಗೆ ಹಸರು ಉಟ್ರ ಮಂದಿ ಏನಂದಾರು?" ಅಂತ ಹಲ್ಲ ಕಡದು ಕೇಳಿದ್ಲು.

"ನಾ ಕಪ್ಪಗದೇನಿ ಯವ್ವಾ. ನನ್ನ ಮೈಬಣ್ಣಕ್ಕ ಹಸರು ಒಪ್ಪತೈತಿ, ಬೂದಿ ಒಪ್ಪೂದಿಲ್ಲ," ಅಂದ್ಲು ಅತ್ತಿ. ಸಂತ್ಯಾಗ ಗಿರಾಕಿಗೆ ಹೇಳೂ ದನಿಯಾಗ, ಅಷ್ಟ ಸಮಾಧಾನದಿಂದ.

ಟೇಲರನ ಅಕ್ಕ ತಾಟು ಎತಗೊಂಡು, ಬಣ್ಣ ಹುಡುಕಾಕಿ ಸಂಸಾರ ಏನ ಮಾಡ್ಯಾಳು ಅಂತ ಅಂದು ನಡದ್ಲು. ಟೇಲರೂ ಆಕಿ ಹಿಂದ ಹೋದ. ನನಗ ಅವನ ಮ್ಯಾಲ ಎಂಥಾ ಸಿಟ್ಟು ಬಂತಂದ್ರ, ಆ ಏರಿದ ಮೀಸಿ ಕಿತ್ತು ಕೈಯಾಗ ಕೊಡಬೇಕು ಅನಿಸ್ತು. ಆಯಿ ಗ್ವಾಡೀಗೆ ಮುಖಾ ಮಾಡಿ ಮಲಕೊಂಡ್ಲು. ಬಂದಿದ್ದ ಸಂಸಾರಾನ ಮಗಳು ಒಂದು ಬಣ್ಣದ ಸಲುವಾಗಿ ಹೊಸಲಿ ಮ್ಯಾಲಿಂದಽ ಕಳಿಸಿದ್ಲು ಅಂತ ಆಕಿ ಸಂಕಟ. ಖರೆ ಹೇಳ್ತೇನಿ, ನಮ್ಮೆಲ್ಲರ ಸಂಕಟಾನೂ ಅದಽ ಇತ್ತು. ಅತ್ತಿಗೆ ಇನ್ನೊಂದು ಮಾತು ಯಾವಾಗ ಬರಬೇಕು, ಯಾರು ತರಬೇಕು?

ಮರುದಿನ ಮುಂಜಾನೆ ಅಪ್ಪ ಹಸರು ನೂಲು ತಂದು ಹಾಸು ಹೂಡಾಕ ಕುಂತ. ಎಳೇ ಗಿಣಿ ಹಸರು. ಆಯಿ ಮಲಕೊಂಡಲ್ಲಿಂದಽ ಕೇಳಿದ್ಲು, ಯಾರ ಸಲುವಾಗಿ? ಅಪ್ಪ ತಲಿ ಎತ್ತಲಿಲ್ಲ. ಅಂಗಡ್ಯಾಗ ಕೇಳ್ಯಾರ ಅಂದ. ನಮ್ಮ ಅಪ್ಪಗ ಸುಳ್ಳು ಹೇಳಾಕ ಬರ್ತಿರಲಿಲ್ಲ, ಕಿವಿ ಕೆಂಪಾಗ್ತಿದ್ವು.

ಒಂದು ಸಂತಿ ದಿನ ಟೇಲರ್ ಒಬ್ಬನಽ ಬಂದ. ಚಾದಂಗಡಿ ಕಡೆ ನಿಂತು ನಿಂತು ಆಮ್ಯಾಲ ಒಳಗ ಬಂದಿದ್ದ ಅಂತ ಕಾಣಸ್ತೈತಿ, ಅಂಗಿ ಬೆವತಿತ್ತು. ಬಗಲಾಗಿನ ಚೀಲದಾಗಿಂದ ಗುಳೇದಗುಡ್ಡದ ಒಂದು ಕುಬಸದ ಖಣ ತಗದು ಅಪ್ಪನ ಮುಂದ ಇಟ್ಟು, "ಹಸರು ಸೀರಿಗೆ ಈ ಖಣ ಒಪ್ಪತೈತೇನು, ಅವರನ್ನ ಒಂಚೂರು ಕೇಳ್ರಿ," ಅಂದ.

ಅಪ್ಪ ನನ್ನ ಕಡೆ ನೋಡಿದ, ನಾ ಖಣ ಒಳಗ ಒಯ್ದೆ. ಅತ್ತಿ ಅದನ್ನ ಬಿಸಲಿಗೆ ಹಿಡದ್ಲು, ನೆಳ್ಳಿಗೆ ಹಿಡದ್ಲು. ನಾ ಮನಸಿನ್ಯಾಗ ದೇವರಿಗೆ ಕೈಮುಗಿಯಾಕ ಹತ್ತಿದ್ದೆ, ಹೂಂ ಅನ್ನು ಅತ್ತಿ, ಇದೊಂದ ಸಲಾ ಹೂಂ ಅಂದುಬಿಡು ಅಂತ.

"ಒಪ್ಪೂದಿಲ್ಲ," ಅಂದ್ಲು ಅತ್ತಿ ಬಾಗಿಲ ಹಿಂದಿಂದ, ಅವಗ ಕೇಳಿಸೂ ಹಂಗ. "ಅಂಚು ಅಗಲ ಆತು. ಸೀರಿ ದಡಿ ಜೋಡಿ ಹೊಡದಾಡತೈತಿ."

ಟೇಲರ್ ಖಣ ತರಿಸಿಕೊಂಡು, ಮಗ್ಗದ ಮ್ಯಾಲಿದ್ದ ಹಸರಿನ ಬಾಜೂಕ ಇಟ್ಟು ನೋಡಿದ. ತಾನೂ ಒಂದು ಕಣ್ಣು ಸಣ್ಣ ಮಾಡಿ ನೋಡಿದ. ಆಮ್ಯಾಲ ನಕ್ಕ. "ಖರೆ ಐತ್ರಿ," ಅಂದ. "ಇಷ್ಟ ವರ್ಷ ಹೊಲದ್ರೂ ನನಗ ಹೊಳೀಲಿಲ್ಲ. ಹಂಗಾರ ಕುಬಸಾನೂ ನೀವಽ ಆರಿಸ್ರಿ. ಹೊಲಿಯೂದಷ್ಟ ನನಗ ಬಿಡ್ರಿ."

ಒಳಗ ಅತ್ತಿ ಗ್ವಾಡಿಗೆ ಆತು ನಿಂತು ಅತ್ಲು. ಗಂಡ ತೀರಿ ಬಂದಾಗೂ ಆಕಿ ಹಂಗ ಅತ್ತದ್ದನ್ನ ನೋಡಿಲ್ಲ ಅಂತ ಅವ್ವ ಅಂದ್ಲು. ಆ ಗಿಡ್ಡ ಮನಶಾ ಅವತ್ತ ನನ್ನ ಕಣ್ಣಿಗೆ ಎಷ್ಟ ಚಂದ ಕಂಡಾ ಅಂತೀರಿ.

ಹಸರು ಸೀರಿ ಮಗ್ಗದಿಂದ ಇಳೀತು. ಮನಿ ಪದ್ಧತಿ ಪ್ರಕಾರ ಮೊದಲನೇದು ಅವ್ವ ಉಡಬೇಕು. ಅವ್ವ ಸೀರಿ ಕೈಯಾಗ ತಗೊಂಡು, ನನ್ನ ಸೊಂಟಾ ನೋಯಾಕ ಹತ್ತೈತಿ, ಈ ಸಲಾ ನೀನಽ ಅಡ್ಡಾಡಿ ಬಾ ಅಂತ ಅತ್ತಿ ಉಡ್ಯಾಗ ಹಾಕಿದ್ಲು. ಉಡಿಕಿ ದಿನ ಟೇಲರ್ ಆ ಸೀರಿನ್ನಽ ತಾಟಿನಾಗ ಇಟ್ಟು ಹಿರೇರ ಮುಂದ ಕೊಟ್ಟ. ಅವನ ಅಕ್ಕ ಮುಖಾ ಊದಿಸಿಕೊಂಡಽ ಕುಂತಿದ್ಲು, ಆದ್ರ ಬಂದಿದ್ಲು. ಆಯಿ ಮಾತ್ರ ಎರಡ ದಿನದಿಂದ ಮಗಳ ಜೋಡಿ ಮಾತು ಬಿಟ್ಟಿದ್ಲು.

ಅತ್ತಿ ಉಟಗೊಂಡು ಹೊರಗ ಬಂದ್ಲು. ನಾ ಏನ ಹೇಳಲಿ. ದಿನಾ ನೋಡೂ ಮುಖಾನಽ, ಆದ್ರ ಆ ಹಸರಿನ ಮ್ಯಾಲ ಅದನ್ನ ನಾವು ಮೊದಲನೇ ಸಲಾ ನೋಡಿದಂಗಾತು. ಬಾಗಿಲಾಗ ಓಣಿ ಹೆಣ್ಮಕ್ಕಳು ಒಬ್ಬರ ಮ್ಯಾಲ ಒಬ್ಬರು ಬಿದ್ದು ಹಣಿಕಿ ಹಾಕಾಕ ಹತ್ತಿದ್ರು. ಆ ಹಾಸಿನ್ಯಾಗ ಉಳದ ಸೀರಿ ಅದಽ ವಾರ ಹೋದುವು. ಉಡಿಕಿಗೆ ನೇಯ್ದ ಹಸರು ಮುಂದ ಎಷ್ಟೋ ಹುಡುಗೇರ ಮೊದಲನೇ ಮದಿವಿಗೆ ಹೋತು. ಆದ್ರ ಅವತ್ತ ನಮಗ್ಯಾರಿಗೂ ಆ ಖಬರಿರಲಿಲ್ಲ. ನಾವೆಲ್ಲಾ ಆಯಿ ಕಡೆ ನೋಡಾಕತ್ತಿದ್ವಿ.

ಆಯಿ ಕಟ್ಟಿಗಿ ಊರಿ ಎದ್ದು ಮಗಳ ಮುಂದ ಬಂದು ನಿಂತ್ಲು. ಕಾಲಿಂದ ತಲಿ ತನಕ ನೋಡಿದ್ಲು.

"ಸೆರಗ ಹೊದ್ದುಕೊ," ಅಂದ್ಲು. "ಮಂದಿ ನೋಡಾಕತ್ಯಾರ."

"ನೋಡ್ಲಿ ಅಂತಽ ಉಟ್ಟೇನಿ, ಯವ್ವಾ," ಅಂದ್ಲು ಅತ್ತಿ.

ಆಯಿ ಕಟ್ಟಿಗಿ ನನ್ನ ಕೈಯಾಗ ಕೊಟ್ಲು. ಬಗ್ಗಾಕ ಬರದ ಸೊಂಟಾ ಬಗ್ಗಿಸಿ, ನೆಲಕ್ಕ ಕುಂತು, ಮಗಳ ಸೀರಿ ನಿರಿಗಿ ಒಂದೊಂದಽ ಹಿಡದು ಸಮಾ ಮಾಡಾಕ ಹತ್ತಿದ್ಲು.