ಬೆನ್ನುಗಳ ಗೋಡೆ

ನನ್ನ ಗಂಡನ ಅಕ್ಕ ಮತಲೇನಾ ತಪಾಸಣೆಗೆ ಹೊರಟಳೆಂದರೆ ನಮ್ಮೂರಿನ ಹಂದಿಗಳೂ ಕಾಲು ತೊಳೆದುಕೊಂಡು ನಿಲ್ಲಬೇಕು, ಅಂಥ ಹೆಂಗಸು. ಮಹಿಳಾ ಸಮಿತಿಯ ಅಧ್ಯಕ್ಷೆ. ತಿಂಗಳಿಗೊಮ್ಮೆ ಸಮಿತಿಯವರೆಲ್ಲ ಒಂದೇ ಬಣ್ಣದ ಉಡುಪು ತೊಟ್ಟು ಮನೆಮನೆಯ ಸೊಳ್ಳೆಪರದೆ, ಪಾತ್ರೆ, ಕಕ್ಕಸು ನೋಡುತ್ತಾರೆ. ಕೊಳೆ ಕಂಡರೆ ದಂಡ. ಸಮೋವಾದ ಮನೆಗಳಿಗೆ ಗೋಡೆಯೇ ಇಲ್ಲ, ಕಂಬ ಮತ್ತು ಸೂರು ಅಷ್ಟೇ. ಆದರೂ ಜನ ಇದ್ದೊಂದು ಒಳ್ಳೆಯ ಪರದೆಯನ್ನು ತಪಾಸಣೆ ಮುಗಿದ ಮನೆಯ ಹಿತ್ತಲಿನಿಂದ ಮುಂದಿನ ಮನೆಗೆ ದಾಟಿಸಲು ನೋಡುತ್ತಾರೆ!

“ಈ ಪರದೆಗೂ ನನಗೂ ಬೆಳಗ್ಗೆಯಿಂದ ಇದು ಮೂರನೇ ಭೇಟಿ. ಪಾಪ, ಸುಸ್ತಾಗಿದೆ, ಕೂರಿಸಿ ನೀರು ಕೊಡ್ರೇ,” ಎಂದಿದ್ದಳು ಮತಲೇನಾ ಒಮ್ಮೆ.

ಆಸ್ಪತ್ರೆ ದ್ವೀಪದ ಇನ್ನೊಂದು ತುದಿಯಲ್ಲಿದೆ. ಪೇಟೆಯವರಿಗೆ ಸಕ್ಕರೆ ಕಾಯಿಲೆ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಮ್ಮವರಿಗೆ ಗೊತ್ತಾಗುತ್ತಿದ್ದುದು ಹೆಣ ಎತ್ತಿದ ಮೇಲೆ. ಮತಲೇನಾಗೆ ಇದನ್ನು ಸಹಿಸಲಾಗಲಿಲ್ಲ. ರಾಜಧಾನಿಗೆ ಹೋಗಿ ಒಂದು ದತ್ತಿ ಸಂಸ್ಥೆಯ ಬಾಗಿಲಲ್ಲಿ ಚಾಪೆ ಹಾಸಿ ಕೂತಳು. ಅವರು ಬೇಸತ್ತೋ ಮೆಚ್ಚಿಯೋ, ಪ್ರತಿ ಮಂಗಳವಾರ ಪೆಪೆ ಎಂಬ ನರ್ಸನ್ನು ವ್ಯಾನಿನಲ್ಲಿ ಕಳಿಸಲು ಒಪ್ಪಿದರು. ಅವಳಿಗೆ ಸಮಿತಿಯ ಮನೆಯಲ್ಲಿ ಜಾಗ, ಊಟ, ಜನರನ್ನು ಕರೆತರುವ ಕೆಲಸವೆಲ್ಲ ಸಮಿತಿಯದು. ಹೆಂಗಸರು ಬಂದರು, ಮಕ್ಕಳು ಬಂದರು. ಗಂಡಸರು ಮಾತ್ರ ಆ ದಿನ ತಪ್ಪದೆ ಮೀನು ಹಿಡಿಯಲು ಹೋಗುತ್ತಿದ್ದರು.

ನನ್ನ ಗಂಡ ಕೊಲೋನೆ ಆ ಗಂಡಸರಲ್ಲಿ ಮೊದಲಿಗ. ಅವನ ತೊಡೆಯಲ್ಲಿ ಒಂದು ಕುರು ಎದ್ದಿತು. ಅದೂ ಸೊಂಟದಿಂದ ಮಂಡಿಯವರೆಗೆ ಹಬ್ಬಿದ ಅವನ ಹಚ್ಚೆಯ ಗೆರೆಗಳ ನಡುವೆ! ಆ ಹಚ್ಚೆಗಾಗಿ ಪ್ರಾಯದಲ್ಲಿ ವಾರಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಹಲ್ಲು ಕಚ್ಚಿದವನು. ಕುರು ಕಪ್ಪುಗಟ್ಟಿತು, ಜ್ವರ ಏರಿತು.

“ನರ್ಸಿಗೆ ತೋರಿಸು, ಮಾರಾಯ.”

“ತೋರಿಸಿದ್ರೆ ಕೊಯ್ತಾಳೆ. ಗೆರೆ ಕೆಡತ್ತೆ. ಬಾಯಿ ಮುಚ್ಕೊಂಡಿರು, ಎಸೇತಾ.”

ಬಾಯಿ ಮುಚ್ಚಿಕೊಳ್ಳುವುದು ನನ್ನ ಜಾಯಮಾನವೇ ಅಲ್ಲ. ನೆಟ್ಟಗೆ ಮತಲೇನಾ ಹತ್ತಿರ ಹೋದೆ. ಕೇಳಿ ಅವಳ ಮುಖ ಬಿಳುಚಿತು. ನಮ್ಮಲ್ಲಿ ಅಕ್ಕನ ಮಾತನ್ನು ತಮ್ಮ ಮೀರುವಂತಿಲ್ಲ, ನಿಜ. ಆದರೆ ದೊಡ್ಡವರಾದ ಮೇಲೆ ಅಕ್ಕ ತಮ್ಮನ ನಡುವೆ ಮೈಯ ಮಾತೇ ಬರಕೂಡದು. ತೊಡೆಯ ಕುರುವಿನ ಸುದ್ದಿ ಅವಳು ಎತ್ತಿದರೆ ಇಬ್ಬರಿಗೂ ನಾಚಿಕೆಗೇಡು. ಎತ್ತದಿದ್ದರೆ ತಮ್ಮ ಸಾಯುತ್ತಾನೆ. ನನಗೆ ಅಳು ಬಂತು.

ಮಂಗಳವಾರ ಬೆಳಗ್ಗೆ ಇಡೀ ಸಮಿತಿ ನಮ್ಮ ಮನೆಗೆ ಬಂತು. ಯಾರೂ ಒಳಗೆ ಕಾಲಿಡಲಿಲ್ಲ. ಜಗಲಿಯ ಸುತ್ತ ಭುಜಕ್ಕೆ ಭುಜ ತಾಗಿಸಿ, ಮನೆಗೆ ಬೆನ್ನು ಹಾಕಿ ಕೂತರು. ಮತಲೇನಾ ಸಮುದ್ರದ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದಳು:

“ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಪೆಪೆ ಒಳಗೆ ಹೋಗ್ತಾಳೆ. ಅವಳು ಆಯ್ತು ಅನ್ನೋ ತನಕ ನಾನು ಏಳಲ್ಲ.”

ಚಾಪೆಯ ಮೇಲಿಂದ ಕೊಲೋನೆ ಗೊಣಗಿದ. “ಅಕ್ಕಾ, ಬಿಸಿಲು...”

“ಬಿಸಿಲಿಗೆ ನಾನು ಹೇಳ್ಕೋತೀನಿ. ನೀನು ಬಿದ್ಕೋ.”

ಇನ್ನೇನು ಮಾಡಿಯಾನು? ಅಕ್ಕನನ್ನು ಬಿಸಿಲಲ್ಲಿ ಕೂರಿಸಿದ ತಮ್ಮ ಎಂಬ ಮಾತು ಹೊತ್ತು ನಮ್ಮೂರಲ್ಲಿ ಬಾಳಲಾದೀತೇ? ಪೆಪೆ ರಕ್ತದ ಸಕ್ಕರೆ ನೋಡಿ ತಲೆ ಚಚ್ಚಿಕೊಂಡಳು. ವ್ಯಾನಿನಿಂದ ಡಾಕ್ಟರಿಗೆ ಫೋನು ಮಾಡಿ ಬಂದು, ಈಗಲೇ ಕೊಯ್ಯಬೇಕು, ಇಲ್ಲದಿದ್ದರೆ ನಂಜು ರಕ್ತಕ್ಕೇರುತ್ತದೆ ಎಂದಳು.

“ಅಯ್ಯೋ, ಗೆರೆ...” ಎಂದ ಇವನು.

“ಗೆರೆ ನೆಟ್ಟಗಿರೋ ಹೆಣ ಇಟ್ಕೊಂಡು ನಾನೇನು ಮಾಡ್ಲಿ?” ಎಂದು ಕೂಗಿಬಿಟ್ಟೆ.

ಹೊರಗೆ ಮತಲೇನಾ ಸ್ತೋತ್ರ ಎತ್ತಿಕೊಂಡಳು. ಹೆಂಗಸರೆಲ್ಲ ಸೂರು ಹಾರುವ ಹಾಗೆ ದನಿಗೂಡಿಸಿದರು. ಒಳಗೆ ಪೆಪೆ ಕೊಯ್ಯುವಾಗ ಕೊಲೋನೆ ಕೂಗಿದ್ದು ಯಾರಿಗೂ ಕೇಳಲಿಲ್ಲ. ಕೇಳಿಸಿದ್ದರೂ ಕೆಳಸ್ವರದಲ್ಲಿ ಯಾರೋ ಜೊತೆಗೂಡಿದರು ಅಂದುಕೊಂಡಿರಬೇಕು. ಆಮೇಲೆ ಗಾಯದ ಪಟ್ಟಿ ಬದಲಿಸಲು ಪೆಪೆ ಬಂದಾಗಲೆಲ್ಲ ಆ ಬೆನ್ನುಗಳೂ ಬಂದವು. ಚಾಪೆ ಹೆಣೆಯುತ್ತ, ಹರಟೆ ಹೊಡೆಯುತ್ತ, ನನ್ನ ಕೋಕೋ ಕುಡಿದು ಸಪ್ಪೆ ಎನ್ನುತ್ತ ಕೂತರು. ಗಾಯ ಮಾಯಿತು, ಸಕ್ಕರೆಯೂ ಇಳಿಯಿತು. ನನಗಾದ ಖುಷಿಗೆ ನಾನೇ ಒಂದಿಡೀ ದಿನ ಯಾರನ್ನೂ ಬೈಯಲಿಲ್ಲ.

ಸಂಸ್ಥೆಯವರ ಎರಡನೇ ವ್ಯಾನಿಗೆ ಹಣ ಕೂಡಿಸಲು ಊರಲ್ಲಿ ಕುಣಿತ ಇಟ್ಟರು. ಕೊಲೋನೆ ಸುತ್ತಿಕೊಂಡ ಬಟ್ಟೆಯನ್ನು ಎತ್ತಿ ಕಟ್ಟಿ, ಹಚ್ಚೆ ತೋರಿಸುತ್ತ ಕುಣಿದ. ಗೆರೆಗಳ ಮೇಲೆ ಒಂದು ಬಿಳಿ ಕಲೆ ಸೊಟ್ಟಗೆ ಹಾದಿತ್ತು.

“ಗೆರೆ ದಾರಿ ತಪ್ಪಿದೆಯಲ್ಲೋ!” ಎಂದು ಯಾರೋ ಕಿಚಾಯಿಸಿದರು.

“ತಪ್ಪಿದ್ದಕ್ಕೇ ಕುಣೀತಿದೀನಿ, ನೀನೂ ಬಾರೋ!”

ಮುಂದಿನ ಮಂಗಳವಾರ ದೋಣಿಗಳೆಲ್ಲ ದಡದಲ್ಲೇ ಇದ್ದವು. ಮುದುಕರು, ಪಡ್ಡೆಗಳು, ಪಾದ್ರಿಯ ತಮ್ಮ ಕೂಡ ಬಂದು ತಲೆ ಕೆರೆದುಕೊಂಡರು. “ನಮಗೂ ಆ ಗೋಡೆ ಸಿಗತ್ತಾ?” ಸಮಿತಿಯ ಮನೆಯನ್ನೇ ಸುತ್ತುವರಿಯಬೇಕಿತ್ತು, ಬೆನ್ನುಗಳೇ ಸಾಲಲಿಲ್ಲ. ಹೆಂಗಸರ ಸಾಲಿನಲ್ಲಿ ಗಂಡಸು ಕೂತದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಕೊಲೋನೆ ಹೋಗಿ ಅಕ್ಕನ ಪಕ್ಕ, ಮನೆಗೆ ಬೆನ್ನು ಮಾಡಿ ಕೂತ.

“ಸ್ವಲ್ಪ ಸರಿಯಕ್ಕ.”

ಮತಲೇನಾ ಸಮುದ್ರದಿಂದ ಕಣ್ಣು ಕೀಳಲಿಲ್ಲ. “ಇಲ್ಲಿ ಕೂತರೆ ಹಾಡಬೇಕು. ನಾವು ಹಾಡಿದ್ದು ನೆನಪಿದೆಯಾ?”

“ಅವತ್ತು ಅದನ್ನೇ ಗಟ್ಟಿಯಾಗಿ ಹಿಡ್ಕೊಂಡು ಮಲಗಿದ್ದೆ, ಅಕ್ಕಾ,” ಎಂದು ಅವನೇ ಹಾಡು ಎತ್ತಿಕೊಂಡ. ಊರನ್ನೆಲ್ಲ ನಡುಗಿಸುವ ನನ್ನ ಅತ್ತಿಗೆಗೆ ಮೊದಲ ಸಾಲಿನಲ್ಲೇ ದನಿ ಹೊರಡಲಿಲ್ಲ.